ಹೂವು ನೋಡಲು ಗುಂಪಾಗಿ ಸೈಕಲ್ ರೈಡ್: ತಾರೀಖು ಹಿಡಿಯುವುದರಿಂದ ಮನೆ ಸೇರುವವರೆಗೆ

ಬಡಾವಣೆಯ ಸೈಕಲ್ ಬಳಗದಲ್ಲಿ ಎಲ್ಲ ಥರದವರೂ ಇರುತ್ತಾರೆ. ವಾರಕ್ಕೆ ನೂರಾರು ಕಿಲೋಮೀಟರ್ ತುಳಿಯುವವರ ಪಕ್ಕದಲ್ಲೇ, ಮೂಲೆಯಲ್ಲಿ ಬಿದ್ದಿದ್ದ ಸೈಕಲ್ಲನ್ನು ಈಗಷ್ಟೇ ಒರೆಸಿ ತಂದವರೂ ನಿಂತಿರುತ್ತಾರೆ. ಇವರೆಲ್ಲರನ್ನೂ ಒಟ್ಟಿಗೆ ಕರೆದೊಯ್ಯಲು ಹೂ ನೋಡುವ ರೈಡ್‌ನಂಥ ನೆಪ ಇನ್ನೊಂದಿಲ್ಲ. ಆದರೆ ಇದು ಮಾಮೂಲಿ ರೈಡ್ ಅಲ್ಲ. ಬೇರೆ ರೈಡ್‌ಗಳ ತಾರೀಖನ್ನು ನಾವು ಇಡುತ್ತೇವೆ, ಇದರ ತಾರೀಖನ್ನು ಮರ ಇಡುತ್ತದೆ. ಬೇರೆ ಕಡೆ ಗಟ್ಟಿಗರ ವೇಗ ನಡೆಯುತ್ತದೆ, ಇಲ್ಲಿ ಎಲ್ಲರಿಗಿಂತ ನಿಧಾನವಾಗಿ ಬರುವವರ ವೇಗವೇ ನಡೆಯಬೇಕು. ಇವೆರಡನ್ನು ಬಳಗದವರೆಲ್ಲ ಒಪ್ಪಿಕೊಂಡರೆ ಉಳಿದ ಏರ್ಪಾಡು ಅಷ್ಟೇನೂ ಕಷ್ಟವಲ್ಲ.

ಹಂತ 1: ಮರ ನೋಡಿ ತಾರೀಖು ಹಿಡಿಯಿರಿ

ಮೊದಲು ಯಾವ ಮರ ನೋಡಲು ಹೋಗುತ್ತೀರಿ ಅಂತ ಗೊತ್ತು ಮಾಡಿಕೊಳ್ಳಿ. ಒಂದೊಂದು ಮರದ ಲೆಕ್ಕ ಒಂದೊಂದು. ಚೆರ್ರಿ, ಪ್ಲಮ್, ಸೇಬಿನಂಥ ಮರಗಳಿಗೆ ಮೊದಲು ಸಾಕಷ್ಟು ಚಳಿ ಬೇಕು, ಆಮೇಲೆ ಬಿಸಿಲು ಏರಬೇಕು. ಚಳಿ ಮುಗಿದು ಸೆಕೆ ಬೇಗ ಶುರುವಾದರೆ ಮೊಗ್ಗೂ ಬೇಗ ಬಿಚ್ಚುತ್ತದೆ. ಟಬೆಬುಯಾ, ಮುತ್ತುಗ, ಬೂರುಗ ಎಲೆ ಉದುರಿಸಿಕೊಂಡು ಬರಿ ಕೊಂಬೆಯ ಮೇಲೆ ಹೂ ಬಿಡುತ್ತವೆ. ಹಾಗಾಗಿ ಇವನ್ನು ದೂರದಿಂದಲೇ ಗುರುತಿಸಬಹುದು, ರಸ್ತೆಯ ಮೇಲಿಂದಲೇ ಕಣ್ತುಂಬ ನೋಡಬಹುದು.

ಚೆರ್ರಿಯ ವಿಷಯದಲ್ಲಿ ಜಗತ್ತು ಬಹಳ ಲಕ್ಷ್ಯ ಕೊಟ್ಟು ಲೆಕ್ಕ ಇಟ್ಟಿದೆ. ಜಪಾನಿನ ಹವಾಮಾನ ಇಲಾಖೆ ಊರೂರಿಗೆ ಒಂದು ಗೊತ್ತಾದ ಮರವನ್ನು ಗಮನಿಸುತ್ತದೆ. ಆ ಮರದಲ್ಲಿ 5-6 ಹೂ ಅರಳಿದರೆ ಹೂ ಶುರುವಾಯಿತು ಅಂತ ಸಾರುತ್ತದೆ. 80 ಪರ್ಸೆಂಟ್ ಮೊಗ್ಗು ಅರಳಿದರೆ ಪೂರ್ತಿ ಅರಳಿದ ಹಾಗೆ. ಇವೆರಡರ ನಡುವೆ ಸುಮಾರು ಒಂದು ವಾರ. 1912ರಲ್ಲಿ ಟೋಕಿಯೊದಿಂದ ಉಡುಗೊರೆಯಾಗಿ ಬಂದ ಚೆರ್ರಿ ಮರಗಳಿರುವ ವಾಷಿಂಗ್ಟನ್‌ನಲ್ಲಿ ಈ ಗೆರೆಯನ್ನು 70 ಪರ್ಸೆಂಟ್‌ಗೆ ಎಳೆದಿದ್ದಾರೆ. ನಮಗೆ ಬೇಕಾಗಿರುವುದು ಈ ಉಪಾಯ ಮಾತ್ರ. ನೀವೂ ಒಂದು ಮರವನ್ನು ಆರಿಸಿಕೊಳ್ಳಿ. ಆ ದಾರಿಯಲ್ಲಿ ದಿನಾ ಓಡಾಡುವ ಒಬ್ಬರಿಗೆ ಜವಾಬ್ದಾರಿ ಕೊಡಿ. ಎರಡು ದಿನಕ್ಕೊಮ್ಮೆ ಅದೇ ಕೊಂಬೆಯ ಫೋಟೋ, ಅದೇ ಜಾಗದಲ್ಲಿ ನಿಂತು ತೆಗೆದು ಕಳಿಸಲಿ. ಬೇರೆ ಬೇರೆ ಮರದ ಫೋಟೋ ಬಂದರೆ ಏನೂ ತಿಳಿಯುವುದಿಲ್ಲ.

ಮೊಗ್ಗಿನಲ್ಲಿ ಏನು ನೋಡಬೇಕು? ಚೆರ್ರಿಯಲ್ಲಿ ಮೊದಲು ಮೊಗ್ಗಿನ ತುದಿ ಹಸಿರಾಗುತ್ತದೆ. ಆಮೇಲೆ ಒಳಗಿನ ಪುಟ್ಟ ಮೊಗ್ಗುಗಳು ಬೇರೆ ಬೇರೆಯಾಗಿ ಕಾಣುತ್ತವೆ. ನಂತರ ತೊಟ್ಟು ಉದ್ದವಾಗಿ ಮೊಗ್ಗು ಜೋತಾಡುತ್ತದೆ. ಕೊನೆಗೆ ಬೆಳ್ಳಗೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ಫೋಟೋ ಬಂತು ಅಂದರೆ ಒಂದು ವಾರದೊಳಗೆ ಹೊರಡಬೇಕು ಅಂತ ಅರ್ಥ.

ಅರಳಿದ ಮೇಲೆ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಹವೆಯ ಕೈಯಲ್ಲಿದೆ. ತಂಪಾಗಿ, ಗಾಳಿ ಇಲ್ಲದೆ ಇದ್ದರೆ ಹೂ ಬಾಳುತ್ತದೆ. ಒಂದು ಜೋರು ಮಳೆ, ಒಂದು ಬಿರುಗಾಳಿ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ನೆಲದ ಮೇಲೆ. ಅದಕ್ಕೇ ಎರಡು ತಾರೀಖು ಇಟ್ಟುಕೊಳ್ಳಿ, ಒಂದು ಮುಖ್ಯ, ಇನ್ನೊಂದು ಮೀಸಲು. ಯಾವುದು ಅನ್ನುವುದನ್ನು ಮೂರು ದಿನ ಮೊದಲು ಗಟ್ಟಿ ಮಾಡಿ. ತಿಂಗಳ ಮೊದಲೇ ತಾರೀಖು ಸಾರಿ ಹಟ ಹಿಡಿದರೆ ಬೋಳು ಕೊಂಬೆ ನೋಡಿ ಬರಬೇಕಾಗುತ್ತದೆ.

ಇನ್ನೊಂದು ಉಪಾಯ ಹೇಳುತ್ತೇನೆ. 1000 ಮೀಟರ್ ಎತ್ತರಕ್ಕೆ ಸರಾಸರಿ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪು ಜಾಸ್ತಿ. ಹಾಗಾಗಿ ಬಿಸಿ ಏರಿದ ಮೇಲೆ ಅರಳುವ ಮರಗಳು ತಗ್ಗಿನಲ್ಲಿ ಮೊದಲು, ಎತ್ತರದಲ್ಲಿ ತಡವಾಗಿ ಹೂ ಬಿಡುತ್ತವೆ. ಗೋಡೆಗಳ ನಡುವೆ, ಬಿಸಿಲಿಗೆ ಮೈಯೊಡ್ಡಿ ನಿಂತ ಮರವೂ ಬಯಲಿನ ಮರಕ್ಕಿಂತ ಮುಂಚೆ ಅರಳುತ್ತದೆ. ತಗ್ಗಿನ ಹೂ ಕೈತಪ್ಪಿತು ಅಂತ ಬೇಸರ ಬೇಡ. ಗುಡ್ಡದ ಕಡೆಗೆ ಹೋಗುವ ಒಂದು ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ಹಂತ 2: ದಾರಿ ಗೊತ್ತು ಮಾಡಿ, ತುಳಿದು ನೋಡಿ

ಹೊಸಬರಿರುವ ಗುಂಪಿಗೆ 20ರಿಂದ 25 ಕಿಲೋಮೀಟರ್ ಸಾಕು. ಗಂಟೆಗೆ 15 ಕಿಲೋಮೀಟರ್ ಹಿಡಿದರೆ 24 ಕಿಲೋಮೀಟರ್ ತುಳಿಯಲು ಒಂದು ಗಂಟೆ 36 ನಿಮಿಷ ಬೇಕು. ಹೂವಿನ ಕೆಳಗೆ ಮುಕ್ಕಾಲು ಗಂಟೆ, ನೀರಿಗೆ ಮತ್ತು ಒಬ್ಬರಿಗೊಬ್ಬರು ಕಾಯಲು ಅರ್ಧ ಗಂಟೆ, ಒಂದು ಪಂಕ್ಚರ್‌ಗೆ ಕಾಲು ಗಂಟೆ ಸೇರಿಸಿ. ಮೂರು ಗಂಟೆ ದಾಟಿತು. ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳುವಾಗ ಈ ಪೂರ್ತಿ ಲೆಕ್ಕವನ್ನೇ ಹೇಳಿ.

ನಕ್ಷೆಯಲ್ಲಿ ನೋಡಿದ್ದು ಸಾಲದು. ರೈಡ್ ಇರುವ ವಾರದ ಅದೇ ದಿನ, ಅದೇ ಹೊತ್ತಿಗೆ, ಸೈಕಲ್ ಮೇಲೆಯೇ ಹೋಗಿ ಬನ್ನಿ. ಕಾರಿನಲ್ಲಿ ಹೋದರೆ ಏರು ಗೊತ್ತಾಗುವುದಿಲ್ಲ, ಗುಂಡಿ ಗೊತ್ತಾಗುವುದಿಲ್ಲ, ರಸ್ತೆ ಅಂಚಿನ ಜಲ್ಲಿಯಂತೂ ಕಾಣುವುದೇ ಇಲ್ಲ. ಹೋದಾಗ ಇವನ್ನು ಬರೆದುಕೊಳ್ಳಿ: ಎದುರಿನ ಗಾಡಿಗಳನ್ನು ದಾಟಿ ತಿರುಗಬೇಕಾದ ಜಾಗಗಳು, ಶೌಚಾಲಯ, ನೀರು ಸಿಗುವ ಕಡೆ, ಮತ್ತು ಇಡೀ ಗುಂಪು ರಸ್ತೆ ಬಿಟ್ಟು ನಿಲ್ಲುವಷ್ಟು ಬಯಲು. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಹತ್ತು ಸೈಕಲ್ ನಿಲ್ಲಲು ಸಾಕಷ್ಟು ಉದ್ದದ ಜಾಗ ಬೇಕು.

ಬೆಳಗ್ಗೆ ಬೇಗ ಹೊರಡುವುದೇ ಒಳ್ಳೆಯದು. ಗಾಡಿಗಳು ಕಡಿಮೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಆದರೆ ಸೂರ್ಯ ತಗ್ಗಿನಲ್ಲಿರುವಾಗ ನೇರ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ, ಹಿಂದಿನಿಂದ ಬರುವ ಡ್ರೈವರ್‌ನ ಕಣ್ಣಿಗೂ ಬಿಸಿಲು ಕುಕ್ಕುತ್ತದೆ. ನೀವು ಅವರಿಗೆ ಕಾಣುವುದೇ ಇಲ್ಲ. ಅಂಥ ರಸ್ತೆ ಇದ್ದರೆ ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಿ, ಇಲ್ಲವೇ ದಾರಿಯನ್ನು ತಿರುಗಿಸಿ. ಎದುರುಗಾಳಿ ಹೋಗುವಾಗ ಸಿಗಲಿ, ಬರುವಾಗ ಗಾಳಿ ಬೆನ್ನಿಗಿರಲಿ. ದಣಿದ ಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹೂವಿರುವುದು ಯಾರದೋ ತೋಟದಲ್ಲಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಉದ್ಯಾನವಾದರೆ ಸೈಕಲ್ ಒಳಗೆ ಬಿಡುತ್ತಾರಾ, ತಳ್ಳಿಕೊಂಡು ಹೋಗಬೇಕಾ ಅಂತ ವಿಚಾರಿಸಿ. ಇಬ್ಬರು ಅಕ್ಕಪಕ್ಕ ತುಳಿಯಬಹುದಾ ಅನ್ನುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಏನಿದೆಯೋ ಅದನ್ನು ತಿಳಿದು ಎಲ್ಲರಿಗೂ ಒಂದೇ ಮಾತು ಹೇಳಿ.

ಹಂತ 3: ಕರೆಯುವಾಗ ಎಲ್ಲವನ್ನೂ ಬಿಚ್ಚಿ ಹೇಳಿ

‘ಸುಲಭದ ರೈಡ್, ಎಲ್ಲರೂ ಬನ್ನಿ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಟ್ಟಿಗರಿಗೆ ಸುಲಭವಾದದ್ದು ಹೊಸಬರಿಗೆ ಸುಲಭವಲ್ಲ, ಅಲ್ವಾ? ಹೀಗೆ ಬರೆಯಿರಿ:

‘ಒಟ್ಟು 24 ಕಿಲೋಮೀಟರ್. ಒಂದೇ ಒಂದು ಏರು, ಅಲ್ಲಿ ಇಳಿದು ತಳ್ಳಿದರೂ ಆಯಿತು. ವೇಗ ಗಂಟೆಗೆ 12ರಿಂದ 15 ಕಿಲೋಮೀಟರ್. ಯಾರನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ. ಹೂವಿನ ಹತ್ತಿರ 45 ನಿಮಿಷ ನಿಲ್ಲುತ್ತೇವೆ. ಮೂರೂವರೆ ಗಂಟೆಯಲ್ಲಿ ವಾಪಸ್. ಹೆಲ್ಮೆಟ್, ನೀರು, ನಿಮ್ಮ ಟೈರಿನ ಸೈಜಿನ ಒಂದು ಟ್ಯೂಬ್ ತನ್ನಿ. ಬ್ಯಾಟರಿ ಸೈಕಲ್‌ಗೂ ಸ್ವಾಗತ, ಆದರೆ ವೇಗ ಎಲ್ಲರದ್ದೇ. ಜೇನು ಕಚ್ಚಿದರೆ ಅಲರ್ಜಿ ಆಗುವವರು ಮೊದಲೇ ತಿಳಿಸಿ. ಮಳೆ ಬಂದರೆ ರೈಡ್ ಇಲ್ಲ.’

ಮಕ್ಕಳು ಬರುವುದಾದರೆ ಪ್ರತಿ ಮಗುವಿಗೂ ಮನೆಯ ದೊಡ್ಡವರೊಬ್ಬರು ಜೊತೆಗಿರಬೇಕು ಅಂತ ಸೇರಿಸಿ. ಪ್ರತಿಯೊಬ್ಬರಿಂದ ತುರ್ತಿಗೆ ಕರೆ ಮಾಡಬೇಕಾದ ಒಂದು ನಂಬರ್ ತೆಗೆದುಕೊಳ್ಳಿ.

ಹಂತ 4: ಮುಂದೆ ಒಬ್ಬರು, ಹಿಂದೆ ಒಬ್ಬರು

ಒಂದು ಗುಂಪಿಗೆ 8ರಿಂದ 12 ಜನ ಸಾಕು. ಜಾಸ್ತಿ ಜನ ಬಂದರೆ ಗುಂಪು ಒಡೆದು, ಐದೈದು ನಿಮಿಷ ಬಿಟ್ಟು ಹೊರಡಿಸಿ. ಉದ್ದ ಸಾಲನ್ನು ಹಿಂದಿಕ್ಕಲು ಗಾಡಿಯವರಿಗೆ ಕಷ್ಟ. ಅವರ ಅವಸರ ನಮಗೆ ಅಪಾಯ.

ಪ್ರತಿ ಗುಂಪಿಗೆ ದಾರಿ ಬಲ್ಲ ಒಬ್ಬ ಲೀಡ್, ಕೊನೆಯಲ್ಲಿ ಒಬ್ಬ ಸ್ವೀಪ್. ಲೀಡ್‌ನನ್ನು ಯಾರೂ ದಾಟಬಾರದು, ಸ್ವೀಪ್‌ಗಿಂತ ಯಾರೂ ಹಿಂದೆ ಉಳಿಯಬಾರದು. ನನ್ನ ಮಟ್ಟಿಗೆ ಸ್ವೀಪ್‌ನ ಕೆಲಸವೇ ದೊಡ್ಡದು. ಬಳಗದಲ್ಲಿ ಎಲ್ಲರಿಗಿಂತ ತಾಳ್ಮೆ ಇರುವ, ಪಂಕ್ಚರ್ ಹಾಕಲು ಬರುವವರನ್ನೇ ಅಲ್ಲಿ ಇಡಿ. ಹಿಂದೆ ಉಳಿದವರಿಗೆ ‘ನಮ್ಮಿಂದ ಎಲ್ಲರಿಗೂ ತೊಂದರೆ’ ಅನ್ನಿಸದ ಹಾಗೆ ಮಾತಾಡಿಸಿಕೊಂಡು ಬರುವುದು ಎಲ್ಲರಿಗೂ ಒಲಿಯುವ ಗುಣವಲ್ಲ.

ಹಂತ 5: ಹಿಂದಿನ ರಾತ್ರಿ ಸೈಕಲ್ ನೋಡಿಕೊಳ್ಳಿ

ಬೆಳಗ್ಗೆ ಎಲ್ಲರೂ ಕಾಯುತ್ತಿರುವಾಗ ಬ್ರೇಕ್ ಸರಿಮಾಡುವುದು ಬೇಡ. ಗಾಳಿಯಿಂದ ಶುರು ಮಾಡಿ. ಎಷ್ಟು ಹಾಕಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಆ ಮಿತಿಯೊಳಗೆ ಇರಲಿ. ಟೈರನ್ನು ಒಂದು ಸುತ್ತು ತಿರುಗಿಸಿ. ಗಾಜಿನ ಚೂರು, ಮುಳ್ಳು, ಬದಿಯಲ್ಲಿ ಸೀಳು ಇದೆಯಾ ನೋಡಿ. ತಿಂಗಳುಗಟ್ಟಲೆ ನಿಂತಿದ್ದ ಸೈಕಲ್ ಆದರೆ ರಬ್ಬರ್ ಬಿರುಕು ಬಿಟ್ಟಿರಬಹುದು.

ಎರಡೂ ಬ್ರೇಕ್ ಹಿಡಿಗಳನ್ನು ಗಟ್ಟಿಯಾಗಿ ಅದುಮಿ. ಹಿಡಿ ಬಂದು ಹ್ಯಾಂಡಲ್‌ಗೆ ತಾಕಿದರೆ ಆ ಸೈಕಲ್ ರಸ್ತೆಗೆ ಇಳಿಯುವ ಹಾಗಿಲ್ಲ. ಮುಂದಿನ ಬ್ರೇಕ್ ಹಿಡಿದುಕೊಂಡೇ ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಕೆಳಗೆ ‘ಟಕ್ ಟಕ್’ ಅಂದರೆ ಅಲ್ಲಿ ಸಡಿಲವಿದೆ. ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ಕೆಳಗೆ ಬಿಡಿ, ಸಡಿಲವಾಗಿರುವುದು ಸದ್ದು ಮಾಡುತ್ತದೆ. ಚಕ್ರವನ್ನು ಬಿಗಿಯುವ ಹಿಡಿಕೆ ಅಥವಾ ನಟ್ಟು ಬಿಗಿಯಾಗಿದೆಯಾ ಕೈಯಿಂದ ಮುಟ್ಟಿ ನೋಡಿ. ಚೈನಿಗೆ ಎಣ್ಣೆ ಹಾಕಿ, ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ. ಎಣ್ಣೆಯ ಕೆಲಸ ಚೈನಿನ ಗುಂಡುಗಳ (ರೋಲರ್‌ಗಳ) ಒಳಗೆ. ಮೇಲೆ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ, ಅಷ್ಟೆ.

ಸೀಟಿನ ಎತ್ತರವನ್ನೂ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ತುಳಿಯುವಾಗ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಹೊಸಬರಿಗೆ ಮೊಣಕಾಲು ನೋಯಲು ಬಹಳ ಸಲ ತಗ್ಗಿದ ಸೀಟೇ ಕಾರಣ.

ಗುಂಪಿನ ಚೀಲ ಸ್ವೀಪ್ ಹತ್ತಿರ ಇರಲಿ. ಗುಂಪಿನ ಎಲ್ಲ ಸೈಕಲ್‌ಗಳ ವಾಲ್ವ್‌ಗೆ (ಗಾಳಿ ತುಂಬುವ ಮೂತಿಗೆ) ಹೊಂದುವ ಪಂಪ್, ಟೈರ್ ಬಿಚ್ಚುವ ಲಿವರ್, ಪ್ಯಾಚ್, ಅಲೆನ್ ಕೀಗಳ ಸೆಟ್, ಚೈನ್ ಲಿಂಕ್, ಕೈಗವಸು, ಪ್ರಥಮ ಚಿಕಿತ್ಸೆಯ ಡಬ್ಬಿ. ಮಕ್ಕಳ ಸೈಕಲ್‌ನ ಚಿಕ್ಕ ಟ್ಯೂಬ್ ಒಂದನ್ನು ಮರೆಯಬೇಡಿ, ಅದನ್ನು ಬೇರೆ ಯಾರೂ ತಂದಿರುವುದಿಲ್ಲ.

ಹಂತ 6: ಹೊರಡುವ ಮುಂಚೆ ಐದು ನಿಮಿಷದ ಮಾತು

ಎಲ್ಲರೂ ಸೇರಿದ ಮೇಲೆ ತಲೆ ಎಣಿಸಿ, ಸಂಖ್ಯೆಯನ್ನು ಜೋರಾಗಿ ಹೇಳಿ. ಲೀಡ್ ಯಾರು, ಸ್ವೀಪ್ ಯಾರು ಅಂತ ಕೈ ಎತ್ತಿಸಿ ತೋರಿಸಿ. ಕೈಸನ್ನೆಗಳನ್ನು ಎಲ್ಲರೂ ಒಮ್ಮೆ ಮಾಡಲಿ: ತಿರುಗುವ ಕಡೆಗೆ ಚಾಚಿದ ಕೈ, ನಿಲ್ಲಲು ಮೇಲೆತ್ತಿದ ಅಂಗೈ, ಗುಂಡಿ ಇದ್ದ ಕಡೆಗೆ ಕೆಳಗೆ ತೋರಿಸುವ ಬೆರಳು. ಹೊಸಬರಿಗೆ ಒಂದು ಕೈ ಬಿಡಲು ಭಯ. ಅವರು ಬಾಯಲ್ಲಿ ‘ಗುಂಡಿ’, ‘ನಿಧಾನ’, ‘ನಿಲ್ಲಿ’, ‘ಹಿಂದೆ ಗಾಡಿ’ ಅಂತ ಕೂಗಿದರೂ ಸಾಕು. ‘ರಸ್ತೆ ಖಾಲಿ, ಬನ್ನಿ’ ಅಂತ ಮಾತ್ರ ಯಾರೂ ಕೂಗಬಾರದು. ಮುಂದಿನವರು ದಾಟಿದಾಗ ಖಾಲಿ ಇದ್ದ ರಸ್ತೆ ಹಿಂದಿನವರು ಬರುವಷ್ಟರಲ್ಲಿ ಖಾಲಿ ಇರುವುದಿಲ್ಲ. ಪ್ರತಿಯೊಬ್ಬರೂ ತಾವೇ ನೋಡಿ ದಾಟಬೇಕು.

ಇನ್ನೊಂದು ನಿಯಮ ಕಟ್ಟುನಿಟ್ಟು. ನಿಮ್ಮ ಮುಂದಿನ ಚಕ್ರ ಮುಂದಿರುವವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು. ಅವರು ಗುಂಡಿ ತಪ್ಪಿಸಲು ಒಂದಿಷ್ಟು ವಾಲಿದರೂ ಚಕ್ರಕ್ಕೆ ಚಕ್ರ ತಾಕುತ್ತದೆ, ಬೀಳುವುದು ಹಿಂದಿರುವವರೇ. ಎರಡು ಸೈಕಲ್ ಉದ್ದದಷ್ಟಾದರೂ ಅಂತರ ಬಿಡಿ.

ಹಂತ 7: ಗುಂಪು ತುಂಡಾಗದ ಹಾಗೆ ಸಾಗುವುದು

ಗುಂಪು ತುಂಡಾಗುವುದು ನೇರ ರಸ್ತೆಯಲ್ಲಲ್ಲ, ತಿರುವಿನಲ್ಲಿ. ತಿರುವು ಬಂದಾಗ ಎಲ್ಲರೂ ಬ್ರೇಕ್ ಹಿಡಿಯುತ್ತಾರೆ. ಮೊದಲು ತಿರುಗಿದ ಲೀಡ್ ಮತ್ತೆ ಮೊದಲಿನ ವೇಗಕ್ಕೆ ಬರುತ್ತಾನೆ. ಆಗ ಹತ್ತನೆಯವರು ಇನ್ನೂ ತಿರುವಿನಲ್ಲೇ ಇರುತ್ತಾರೆ. ಅವರು ಹೊರಬರುವಷ್ಟರಲ್ಲಿ ನಡುವೆ ದೊಡ್ಡ ಬಿರುಕು. ಅದನ್ನು ಮುಚ್ಚಲು ಜೋರಾಗಿ ತುಳಿಯಬೇಕು. ಪ್ರತಿ ತಿರುವಿನಲ್ಲೂ ಹೀಗಾದರೆ ಎಲ್ಲರಿಗಿಂತ ದುರ್ಬಲರಾದವರೇ ಎಲ್ಲರಿಗಿಂತ ಜಾಸ್ತಿ ದಣಿಯುತ್ತಾರೆ. ಇದಕ್ಕೆ ಮದ್ದು ಲೀಡ್ ಕೈಯಲ್ಲೇ ಇದೆ. ತಿರುವು, ಸಿಗ್ನಲ್, ಏರು, ಯಾವುದು ದಾಟಿದ ಮೇಲೂ ಸ್ವಲ್ಪ ದೂರ ತುಂಬಾ ನಿಧಾನ ಹೋಗಬೇಕು. ಹಿಂದಿನಿಂದ ‘ಎಲ್ಲ ಬಂದರು’ ಅನ್ನುವ ಕೂಗು ಬಂದ ಮೇಲೆ ವೇಗ. ನಿಧಾನದವರನ್ನು ಲೀಡ್‌ನ ಬೆನ್ನ ಹಿಂದೆಯೇ ಇಡಿ. ಅವರಿಗೆ ಗಾಳಿಯೂ ಕಡಿಮೆ ಬಡಿಯುತ್ತದೆ, ಲೀಡ್‌ಗೆ ಅವರ ಉಸಿರೂ ಕೇಳುತ್ತದೆ. ಮಾತಾಡಲು ಆಗದಷ್ಟು ಏದುಸಿರು ಇದ್ದರೆ ವೇಗ ಜಾಸ್ತಿಯಾಯಿತು.

ದಾರಿ ತಪ್ಪದಿರಲು ಒಂದು ಒಳ್ಳೆಯ ಪದ್ಧತಿ ಇದೆ. ಪ್ರತಿ ತಿರುವಿನಲ್ಲೂ ಲೀಡ್‌ನ ಹಿಂದಿರುವವರು ಸುರಕ್ಷಿತ ಜಾಗದಲ್ಲಿ ನಿಂತು ದಾರಿ ತೋರಿಸುತ್ತಾರೆ. ಎಲ್ಲರೂ ದಾಟಿ ಸ್ವೀಪ್ ಕಂಡ ಮೇಲೆ ಅವರು ಸ್ವೀಪ್‌ನ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಆಗ ಲೀಡ್‌ನ ಹಿಂದಿರುವವರ ಸರದಿ. ಹೊಸಬರಿಗೆ ನಿಂತು ಸುಧಾರಿಸಿಕೊಳ್ಳಲು ಅವಕಾಶ ಸಿಗುತ್ತದೆ, ಜವಾಬ್ದಾರಿಯ ಖುಷಿಯೂ ಸಿಗುತ್ತದೆ. ಸಿಗ್ನಲ್‌ನಲ್ಲಿ ಗುಂಪು ಎರಡಾದರೆ ಯಾರೂ ಕೆಂಪು ದಾಟಿ ಓಡಿ ಬರಬಾರದು. ಮುಂದೆ ಹೋದವರು ರಸ್ತೆ ಬಿಟ್ಟು ಕಾಯುತ್ತಾರೆ ಅಂತ ಮೊದಲೇ ಮಾತಾಗಿರಲಿ.

ಪಂಕ್ಚರ್ ಆದರೆ ಎಲ್ಲರೂ ರಸ್ತೆ ಬಿಟ್ಟು ಪಕ್ಕಕ್ಕೆ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈ ಮೇಲೆ ಬೆರಳನ್ನು ಮೆಲ್ಲಗೆ ಆಡಿಸಿ ಮುಳ್ಳು ಹುಡುಕಿ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ.

ಹಂತ 8: ಹೂವಿನ ಕೆಳಗೆ

ಇಡೀ ರೈಡ್‌ನಲ್ಲಿ ತುಂಬಾ ಎಚ್ಚರ ಬೇಕಾದ ಜಾಗ ಇದೇ. ಹೂ ಕಂಡ ಕೂಡಲೇ ಎಲ್ಲರ ಮುಖ ಮೇಲಕ್ಕೆ, ಚಕ್ರ ಮಾತ್ರ ಉರುಳುತ್ತಲೇ ಇರುತ್ತದೆ. ಮುಂದಿನವರು ಫೋಟೋಗೆಂದು ತಟ್ಟನೆ ನಿಲ್ಲುತ್ತಾರೆ. ಅದಕ್ಕೇ ಮೊದಲ ಮರಕ್ಕೆ ಸುಮಾರು 100 ಮೀಟರ್ ಮುಂಚೆಯೇ ಎಲ್ಲರೂ ಇಳಿಯಿರಿ. ಅಲ್ಲಿಂದ ತಳ್ಳಿಕೊಂಡು ನಡೆಯಿರಿ. ನಡೆದರೆ ಹೂವೂ ಚೆನ್ನಾಗಿ ಕಾಣುತ್ತದೆ.

ತುಳಿಯಲೇಬೇಕಾದ ಕಡೆ ಉದುರಿದ ಹೂವನ್ನು ನಂಬಬೇಡಿ. ಒಣಗಿದ ಎಸಳಿನಿಂದ ತೊಂದರೆಯಿಲ್ಲ. ಆದರೆ ಬೂರುಗದ ಹೂ ದಪ್ಪ, ರಸ ತುಂಬಿದ್ದು, ಚಕ್ರಕ್ಕೆ ಸಿಕ್ಕರೆ ಲೊಳೆಯಾಗುತ್ತದೆ. ಇಬ್ಬನಿಯಲ್ಲಿ ಒದ್ದೆಯಾದ ಎಸಳಿನ ಹಾಸೂ ಜಾರುತ್ತದೆ, ಅದರಡಿ ಗುಂಡಿ ಇದ್ದರೂ ಕಾಣುವುದಿಲ್ಲ. ಅಲ್ಲಿ ವಾಲಬೇಡಿ, ಬ್ರೇಕ್ ಒತ್ತಬೇಡಿ. ಮೊದಲೇ ನಿಧಾನ ಮಾಡಿ ನೆಟ್ಟಗೆ ಸಾಗಿ.

ಮರಕ್ಕೆ ಸೈಕಲ್ ಒರಗಿಸಬೇಡಿ. ತೊಗಟೆಯ ಕೆಳಗೇ ಮರ ಬೆಳೆಯುವ ತೆಳು ಪದರವಿದೆ, ಪೆಡಲ್ ಚುಚ್ಚಿದರೆ ಅದಕ್ಕೆ ಗಾಯ. ಬುಡದ ಸುತ್ತ ಗುಂಪಾಗಿ ತುಳಿದಾಡುವುದೂ ಬೇಡ. ಮರದ ಹೆಚ್ಚಿನ ಬೇರು ಮೇಲುಮಣ್ಣಿನಲ್ಲೇ ಇರುತ್ತದೆ. ಮಣ್ಣು ಗಟ್ಟಿಯಾದರೆ ಅದಕ್ಕೆ ಗಾಳಿ, ನೀರು ಸಿಗುವುದಿಲ್ಲ. ಫೋಟೋದಲ್ಲಿ ಹೂಮಳೆ ಬರಲಿ ಅಂತ ಕೊಂಬೆ ಅಲ್ಲಾಡಿಸುವವರನ್ನು ಸೌಮ್ಯವಾಗಿಯೇ ತಡೆಯಿರಿ. ಹಣ್ಣಿನ ಮರವಾದರೆ ಹಣ್ಣಾಗುವುದು ಆ ಹೂವೇ. ನಾಳೆ ಬರುವ ಇನ್ನೊಂದು ಗುಂಪಿಗೂ ಅದು ಬೇಕು.

ಹೂವಿದ್ದಲ್ಲಿ ಜೇನು ಇರುತ್ತದೆ. ಕೈ ಬೀಸದಿದ್ದರೆ ಅದರ ಪಾಡಿಗೆ ಅದು. ಕಚ್ಚಿದರೆ ಮುಳ್ಳನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ, ತಡವಾದಷ್ಟೂ ವಿಷ ಜಾಸ್ತಿ ಇಳಿಯುತ್ತದೆ. ಮುಖ, ಗಂಟಲು ಊದಿದರೆ, ಉಸಿರು ಕಟ್ಟಿದರೆ ಆಂಬ್ಯುಲೆನ್ಸ್ ಕರೆಯಿರಿ. ಅಲರ್ಜಿಗೆ ವೈದ್ಯರು ಕೊಟ್ಟ ಇಂಜೆಕ್ಷನ್ ಅವರ ಬಳಿ ಇದ್ದರೆ ಆಗಲೇ ಬಳಸಬೇಕು. ಸೀನು ಬರುವವರು ಚೆಂದದ ಹೂಗಳನ್ನು ದೂರುವುದುಂಟು. ಜೇನು ಹೊತ್ತೊಯ್ಯುವ ಪರಾಗ ಭಾರ, ಅಂಟಂಟು. ಅದು ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಹುಲ್ಲು ಮತ್ತು ಗಾಳಿಗೆ ಪರಾಗ ತೂರುವ ಮರಗಳಿಂದಲೇ ಹೆಚ್ಚಾಗಿ ತೊಂದರೆ.

ಫೋಟೋಗೆ ಸೂರ್ಯ ಹೂವಿನ ಹಿಂದಿರುವ ಹಾಗೆ ನಿಂತು ನೋಡಿ. ಬೆಳಕು ತೂರಿ ಬಂದು ಎಸಳಿನ ನರವೂ ಕಾಣುತ್ತದೆ. ಗುಂಪಿನ ಫೋಟೋ ರಸ್ತೆಯ ಮಧ್ಯೆ ಬೇಡ. ಫೋಟೋ ಬೇಗ ಮುಗಿಸಿ, ಆಮೇಲೆ ಸುಮ್ನೆ ಕೂತು ನೋಡಲು ಎಲ್ಲರಿಗೂ ಹೊತ್ತು ಸಿಗಲಿ. ಬಂದದ್ದೇ ಅದಕ್ಕೆ.

ಹಂತ 9: ವಾಪಸ್

ಹೊರಡುವಾಗ ಮತ್ತೆ ತಲೆ ಎಣಿಸಿ. ವಾಪಸ್ ದಾರಿಯಲ್ಲಿ ಕಾಲು ದಣಿದಿರುತ್ತದೆ, ಗಮನ ಜಾರುತ್ತದೆ, ಮಾತು ಹೆಚ್ಚುತ್ತದೆ. ಗಾಡಿಗಳೂ ಆ ಹೊತ್ತಿಗೆ ಜಾಸ್ತಿ. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಎಲ್ಲರೂ ನೀರು ಕುಡಿಯಿರಿ. ಬೇಗ ಮನೆ ಸೇರಬೇಕಾದವರು ಸ್ವೀಪ್‌ಗೆ ಹೇಳದೆ ಬೇರೆ ದಾರಿ ಹಿಡಿಯಬಾರದು, ಇಲ್ಲದಿದ್ದರೆ ಇಡೀ ಗುಂಪು ಅವರನ್ನು ಹುಡುಕುತ್ತಾ ನಿಲ್ಲುತ್ತದೆ.

ಯಾರಾದರೂ ಬಿದ್ದರೆ ಒಬ್ಬರು ಅವರ ಹತ್ತಿರ, ಒಬ್ಬರು ಫೋನ್, ಇಬ್ಬರು ಎರಡೂ ಕಡೆ ನಿಂತು ಗಾಡಿಗಳನ್ನು ಎಚ್ಚರಿಸಲಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ, ಆಂಬ್ಯುಲೆನ್ಸ್ ಬರಲಿ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು, ಒಳಗಿನ ಫೋಮ್ ಅದುಮಿ ಹೋಗಿರುತ್ತದೆ.

ಹಂತ 10: ಬರೆದಿಡಿ

ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಅರಳಿದ ದಿನಗಳ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಹೂ ಪೂರ್ತಿ ಅರಳಿದ್ದು ಮಾರ್ಚ್ 26ಕ್ಕೆ. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷದ ದಾಖಲೆಯಲ್ಲೇ ಅಷ್ಟು ಬೇಗ ಅರಳಿದ ವರ್ಷ ಇನ್ನೊಂದಿರಲಿಲ್ಲ ಅಂತ ಆಗ ಹೇಳಲು ಆದದ್ದು ಜನ ಬರೆದಿಟ್ಟಿದ್ದರಿಂದ. ನಿಮ್ಮ ಬಳಗಕ್ಕೆ ಒಂದು ನೋಟ್‌ಬುಕ್ ಸಾಕು. ಯಾವ ಮರ, ಮೊಗ್ಗು ಉಬ್ಬಿದ್ದು ಯಾವಾಗ, ಪೂರ್ತಿ ಅರಳಿದ್ದು ಯಾವಾಗ, ಉದುರಿದ್ದು ಯಾವಾಗ, ನಡುವೆ ಮಳೆ ಬಂತಾ. ಅದರ ಕೆಳಗೆ ರೈಡ್‌ನ ವಿಷಯ: ಎಷ್ಟು ಜನ ಬಂದರು, ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತು, ಯಾವ ತಿರುವಿನಲ್ಲಿ ಗುಂಪು ತುಂಡಾಯಿತು. ಮೊದಲ ಸಲ ಬಂದವರನ್ನು ಎರಡು ದಿನ ಬಿಟ್ಟು ಕೇಳಿ, ವೇಗ ಹೇಗಿತ್ತು ಅಂತ. ಅದೇ ದಿನ ಕೇಳಿದರೆ ಎಲ್ಲರೂ ‘ಚೆನ್ನಾಗಿತ್ತು’ ಅನ್ನುತ್ತಾರೆ. ಎರಡು ದಿನದ ಮೇಲೆ ‘ಆ ಏರಿನಲ್ಲಿ ಸ್ವಲ್ಪ ಕಷ್ಟವಾಯಿತು’ ಅಂದರೆ ಮುಂದಿನ ವರ್ಷದ ದಾರಿಯನ್ನು ಅಲ್ಲಿಂದಲೇ ತಿದ್ದಲು ಶುರು ಮಾಡಿ.